ಗುಂಡುಪಿನ್ನಿನ ಸದ್ದು

ಸದ್ದಾಗಲಿಲ್ಲ. ಬೆಳಿಗ್ಗೆಯಿಂದ ನಿಕಾಂದ್ರೊನ ತಲೆಯಲ್ಲಿದ್ದದ್ದು ಇದೊಂದೇ ಮಾತು. ಗಡ್ಡ ಹೆರೆದುಕೊಳ್ಳುವಾಗ, ಕಾಫಿಯ ಮಡಕೆಗೆ ದಾಲ್ಚಿನ್ನಿ ಮುರಿದು ಹಾಕುವಾಗ, ನಿನ್ನೆ ಮದುವೆಗೆ ಹಾಕಿಕೊಂಡಿದ್ದ ಕೋಟನ್ನು ಕೊಡವಿ ಮೊಳೆಗೆ ತೂಗುಹಾಕುವಾಗ, ಅದೇ. ಪ್ಲಾಸ್ಟಿಕ್ ನೋಟಿಗೆ ಗುಂಡುಪಿನ್ನು ಚುಚ್ಚಿದರೆ ಅದು ಸುಮ್ಮನೆ ದಾರಿ ಬಿಡುವುದಿಲ್ಲ. ಒಂದು ಗಳಿಗೆ ತಡೆಯುತ್ತದೆ, ಪಿನ್ನಿನ ತುದಿಯ ಕೆಳಗೆ ಸಣ್ಣ ಕುಳಿ ಬೀಳುತ್ತದೆ, ಆಮೇಲೆ ಟಕ್ ಎಂದು ಸೋಲುತ್ತದೆ. ಬ್ಯಾಂಡಿನ ಗದ್ದಲದಲ್ಲಿ ಆ ಸದ್ದು ಕಿವಿಗೆ ಕೇಳುವಂಥದ್ದಲ್ಲ, ಬೆರಳಿಗೆ ಕೇಳುವಂಥದ್ದು. ನಿನ್ನೆ ಮದುಮಗಳು ಯಾರೇಲಿಯ ತಲೆವಸ್ತ್ರಕ್ಕೆ ಅವನು ಸಿಕ್ಕಿಸಿದ ಮೊದಲ ನಾಲ್ಕು ನೋಟುಗಳೂ ಟಕ್ ಎಂದಿದ್ದವು. ಐದನೆಯದು ಅನ್ನಲಿಲ್ಲ. ಪಿನ್ನು ಬೆಣ್ಣೆಗೆ ಇಳಿದಂತೆ ಇಳಿಯಿತು. ಅವನ ಕೈ ನಿಂತಿತು, ಎಷ್ಟು ಹೊತ್ತು ನಿಂತಿತೋ ದೇವರಿಗೇ ಗೊತ್ತು. ಹಿಂದಿನವರು "ಬೇಗ ಬೇಗ, ಮದುಮಗಳನ್ನ ನೀವೊಬ್ರೇ ಕೊಂಡ್ಕೋತೀರಾ?" ಎಂದು ತಳ್ಳಿದರು. ಅವನು ನಕ್ಕ. ನಕ್ಕು, ಯಾರೇಲಿಯ ಕೈ ಹಿಡಿದು ಒಂದು ಸುತ್ತು ತಿರುಗಿಸಿ, ಸಾಲಿನಿಂದ ಈಚೆಗೆ ಬಂದ.

ಊರಿನ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿಯ ಗಲ್ಲಾದಲ್ಲಿ ಕೂತು ಅವನ ತಲೆ ನರೆತಿತ್ತು. ಕಾಗದದ ನೋಟಿನ ಕಾಲವನ್ನೂ ಕಂಡಿದ್ದ, ಈ ಪ್ಲಾಸ್ಟಿಕ್ ನೋಟು ಬಂದಾಗ ಜನ ಅದನ್ನು ಮುದುರಿ, ಎಳೆದು, ನೀರಿನಲ್ಲಿ ಅದ್ದಿ ನೋಡಿ ಬೆರಗಾದದ್ದನ್ನೂ ಕಂಡಿದ್ದ. ಹರಿಯುವುದಿಲ್ಲ, ನೆನೆಯುವುದಿಲ್ಲ, ಇನ್ನು ಕಳ್ಳನೋಟು ಮಾಡುವವರ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ನಿಕಾಂದ್ರೊ ಮಾತ್ರ, ಮಾಡುವವನು ಇದಕ್ಕೂ ದಾರಿ ಹುಡುಕುತ್ತಾನೆ ಎಂದಿದ್ದ. ಹುಡುಕಿದರು. ನುಣುಪು ಕಾಗದದಲ್ಲಿ ಅಚ್ಚು ಹಾಕಿ, ನೋಟಿನಲ್ಲಿ ಆಚೆ ಬದಿ ಕಾಣುವ ಕಿಟಕಿಯ ಜಾಗವನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಪಾರದರ್ಶಕ ಹಾಳೆಯ ತುಂಡು ಅಂಟಿಸಿದರು. ಅದನ್ನು ಹಿಡಿಯುವುದು ಹೇಗೆಂದು ಇಡೀ ಬೀದಿಗೆ ಹೇಳಿಕೊಟ್ಟವನು ಅವನೇ. ಕಿಟಕಿಯ ಅಂಚಿಗೆ ಉಗುರು ಹಾಕಿ ನೋಡು, ಒಳ್ಳೇ ನೋಟಿನಲ್ಲಿ ಅಂಚೇ ಇರುವುದಿಲ್ಲ. ಅಕ್ಷರದ ಮೇಲೆ ಹೆಬ್ಬೆರಳು ಎಳೆ, ಮಸಿ ಉಬ್ಬಿ ಸಿಗಬೇಕು. ಆಮೇಲೆ ಬೆಳಕಿಗೆ ಓರೆ ಮಾಡು, ಬಣ್ಣ ಸರಿದಾಡಬೇಕು. ಅನುಮಾನ ಬಂದ ನೋಟನ್ನು ಹಿಡಿದುಕೊಂಡು ಜನ ಬ್ಯಾಂಕಿಗೆ ಹೋಗುತ್ತಿರಲಿಲ್ಲ, ಬ್ಯಾಂಕಿನವರು ಕಿತ್ತುಕೊಂಡು ಚೀಟಿ ಬರೆದು ಕಳಿಸುತ್ತಾರೆ, ದುಡ್ಡು ಹೋದಂತೆಯೇ. ನಿಕಾಂದ್ರೊನ ಹತ್ತಿರ ಬರುತ್ತಿದ್ದರು. ಅವನು ಬೆರಳಿನಲ್ಲಿ ಮುಟ್ಟಿ, ಬೆಳಕಿಗೆ ಹಿಡಿದು, ಒಳ್ಳೇದು ಎಂದರೆ ಒಳ್ಳೇದು. ಚರ್ಚಿನ ಪಾದ್ರಿಗಳಿಗೂ ಇಷ್ಟು ಮಾತು ನಡೆಯುವುದಿಲ್ಲ ಎಂದು ಅಂಗಡಿಯ ಯಜಮಾನ ತಮಾಷೆ ಮಾಡುತ್ತಿದ್ದ.

ಅಂಥವನ ಪಾಕೀಟಿನಲ್ಲಿ, ಗ್ವಾದಲೂಪೆ ಮಾತೆಯ ಚಿತ್ರದ ಹಿಂದೆ, ಆ ನೂರು ಪೆಸೊ ಮಡಚಿ ಕೂತಿತ್ತು. ಕೊಟ್ಟವನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಳ್ಳೇ ಕೋಟು, ಇಸ್ತ್ರಿ ಮಾಡಿದ ಕಾಲರು, ಬಾಯಿ ತೆರೆದರೆ ರಾಜಧಾನಿಯ ಮಾತು. ಹೋಟೆಲಿಗೆಂದು ಮೂಟೆಗಟ್ಟಲೆ ಮೆಣಸಿನಕಾಯಿ ತೆಗೆದುಕೊಂಡು, ನೋಟುಗಳನ್ನು ಬೀಸಣಿಗೆಯಂತೆ ಹರಡಿ ಕಟ್ಟೆಯ ಮೇಲಿಟ್ಟಿದ್ದ. ನಿಕಾಂದ್ರೊ ಅಭ್ಯಾಸದಂತೆ ಮೇಲಿನದನ್ನು ಎತ್ತಿದ್ದ, ಬೆಳಕಿನ ಕಡೆಗೆ ಕೈ ಅರ್ಧ ಹೋಗಿತ್ತು. ಆ ಮನುಷ್ಯ ಬಯ್ಯಲಿಲ್ಲ, ಗದರಲಿಲ್ಲ, ಹುಬ್ಬನ್ನು ಒಂದಿಷ್ಟು ಮೇಲೆ ಮಾಡಿ, "ನಮ್ದೂ ನೋಡ್ಬೇಕೇನ್ರೀ?" ಎಂದ ಅಷ್ಟೆ. ಅರ್ಧ ಹೋಗಿದ್ದ ಕೈ ಕೆಳಗಿಳಿಯಿತು. "ಛೆ ಛೆ, ಅಭ್ಯಾಸ ಸ್ವಾಮಿ" ಎಂದು ನಿಕಾಂದ್ರೊ ನಕ್ಕಿದ್ದ. ಆ ನಗು ಈಗಲೂ ಅವನ ಕೆನ್ನೆಯಲ್ಲಿ ಎಲ್ಲೋ ಅಂಟಿಕೊಂಡಿತ್ತು. ಸಂಜೆ ಗಲ್ಲಾ ಮುಚ್ಚುವಾಗ ಉಗುರಿಗೆ ಅಂಚು ಸಿಕ್ಕಿತು. ತನ್ನ ಜೇಬಿನಿಂದ ನೂರು ತುಂಬಿದ. ನೂರು ಪೆಸೊ ಏನು ಮಹಾ! ಯಜಮಾನನಿಗೆ ಹೇಳಿದ್ದರೂ ಅವನು ನಕ್ಕು ಬಿಡುತ್ತಿದ್ದ. ಆ ನಗುವೇ ಬೇಡವಾಗಿತ್ತು. ಹರಿದು ಒಲೆಗೆ ಹಾಕಬಹುದಿತ್ತು, ಅದನ್ನೂ ಮಾಡಲಿಲ್ಲ. ಮಡಚಿ ಮಾತೆಯ ಚಿತ್ರದ ಹಿಂದೆ ಇಟ್ಟುಕೊಂಡ.

ನಿನ್ನೆ ಅವನು ಬ್ಯಾಂಕಿನಿಂದ ಹೊಸ ನೋಟು ನಾಲ್ಕು ತಂದು ಬೇರೆ ಇಟ್ಟುಕೊಂಡಿದ್ದ. ಯಾರೇಲಿ ಅವನ ಗೆಳೆಯ ಎಲೆಉತೇರಿಯೊನ ಮಗಳು, ಜ್ಞಾನಸ್ನಾನದ ದಿನ ಅವಳನ್ನು ತೋಳಿನಲ್ಲಿ ಹಿಡಿದು ನಿಂತವನು ತಾನು, ಅವಳಿಗೆ ತಾನು ಪದ್ರೀನೊ, ಎರಡನೆಯ ಅಪ್ಪ. ನೋಟಿನ ಕುಣಿತ ಶುರುವಾಗಿ, ಬಂದವರೆಲ್ಲ ಸಾಲಾಗಿ ನಿಂತು ಮದುಮಗಳ ತಲೆವಸ್ತ್ರಕ್ಕೆ ನೋಟು ಸಿಕ್ಕಿಸಿ ಕುಣಿಯುವಾಗ ಅವನ ಸರದಿ ಬಂತು. ನಾಲ್ಕು ಮುಗಿದಿತ್ತು, ಅವನು ಕೈ ಇಳಿಸಿದ್ದ. ಮದುಮಗನ ಕಡೆಯ ಹೆಂಗಸೊಬ್ಬಳು, "ಇಷ್ಟೇನಾ? ದಿನವಿಡೀ ದುಡ್ಡಿನ ಮೇಲೇ ಕೂತಿರ್ತಾರೆ ಅಂತ ಕೇಳಿದ್ದೆ, ಕೂತು ಕೂತು ಅಂಟ್ಕೊಂಡಿರ್ಬೇಕು" ಎಂದಳು. ಸುತ್ತಲಿನವರು ಗೊಳ್ಳೆಂದರು. ಪಾಕೀಟಿಗೆ ಕೈ ಹೋಯಿತು. ಅಲ್ಲಿ ಇನ್ನೂ ಬೇರೆ ನೋಟುಗಳಿದ್ದವು, ಕೈ ತಪ್ಪಿ ಇದು ಬಂತು ಎಂದು ಬೆಳಿಗ್ಗೆ ಕನ್ನಡಿಯ ಮುಂದೆ ಅವನು ತನಗೆ ಹೇಳಿಕೊಂಡ. ಇರಲಿಲ್ಲ. ಮಾತೆಯ ಹಿಂದೆ ಇದ್ದದ್ದು ಒಂದೇ, ಅದು ಅವನ ಬೆರಳಿಗೆ ಗೊತ್ತಿತ್ತು.

ಮದುವೆಯ ಮಾರನೆಯ ದಿನ ಉಳಿದ ಅಡುಗೆ ಬಿಸಿ ಮಾಡಿ ಎಲ್ಲರೂ ಮತ್ತೆ ಕೂತು ಉಣ್ಣುವುದು ಪದ್ಧತಿ. ಅವನು ಹೋದಾಗ ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಒಂದರ ಮೇಲೊಂದು ಏರಿದ್ದವು, ನಾಯಿ ಕೇಕಿನ ಪೆಟ್ಟಿಗೆಯನ್ನು ನೆಕ್ಕುತ್ತಿತ್ತು, ಗೋಡೆಯಾಚೆ ಜ್ವಾಲಾಮುಖಿ ಎಂದಿನಂತೆ ತೆಳ್ಳಗೆ ಹೊಗೆ ಬಿಡುತ್ತಾ ಕೂತಿತ್ತು. ಮದುಮಗ ಒಳಗೆ ಇನ್ನೂ ಗೊರಕೆ ಹೊಡೆಯುತ್ತಿದ್ದ. ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೋಟುಗಳ ರಾಶಿ. ಪಕ್ಕದಲ್ಲಿ ಯಾರೇಲಿ ತಲೆವಸ್ತ್ರವನ್ನು ತೊಡೆಯ ಮೇಲೆ ಹರಡಿಕೊಂಡು ಪಿನ್ನುಗಳನ್ನು ಕಿತ್ತು ಒಂದು ಬಟ್ಟಲಿಗೆ ಹಾಕುತ್ತಿದ್ದಳು. ಅವಳ ತಾಯಿ ದೆಲ್ಫೀನ ಐವತ್ತರ ನೋಟುಗಳನ್ನು ಬೇರೆ ಮಾಡುತ್ತಿದ್ದಳು. ಅದರ ಮೇಲಿನ ನಗುವ ನೀರುಹಲ್ಲಿಯನ್ನು ಕಂಡರೆ ಊರಿಗೆಲ್ಲ ಮುದ್ದು, ಖರ್ಚು ಮಾಡಲು ಯಾರಿಗೂ ಮನಸ್ಸಿಲ್ಲ.

"ಬಂದ್ರಾ ಕೊಂಪಾದ್ರೆ, ನಿಮ್ಮನ್ನೇ ಕಾಯ್ತಿದ್ವಿ" ಎಂದಳು ದೆಲ್ಫೀನ. ಮಗಳ ಪದ್ರೀನೊನನ್ನು ಹೆತ್ತವರು ಕರೆಯುವುದು ಹಾಗೆ. "ಊಟ ಆಮೇಲೆ, ಮೊದಲು ಇದನ್ನ ನೋಡಿ. ನನ್ನ ಕೈಗೆ ಯಾಕೋ ಸರಿ ಬರ್ತಿಲ್ಲ."

ಅವಳು ನೀಡಿದ ನೋಟನ್ನು ಅವನು ತೆಗೆದುಕೊಂಡ. ನೋಡುವ ಮೊದಲೇ ಕಂಡದ್ದು ಮೂಲೆಯ ಎರಡು ತೂತುಗಳು. ಬೇರೆಯವರೆಲ್ಲ ಎಲ್ಲೆಂದರಲ್ಲಿ ಚುಚ್ಚಿದ್ದರು, ನೋಟಿನ ಸನ್ಯಾಸಿನಿಯ ಹಣೆಗೆ, ಹಿಂಬದಿಯ ಚಿಟ್ಟೆಗಳಿಗೆ, ಕೆಲವರಂತೂ ಕಿಟಕಿಗೇ. ಅವನು ಹಾಗೆ ಮಾಡುವವನಲ್ಲ. ಕಿಟಕಿಗೆ ತಾಗದ ಹಾಗೆ, ಅಂಚಿನಿಂದ ಒಂದು ಕಡ್ಡಿಯಷ್ಟು ಒಳಗೆ, ಓರೆಯಾಗಿ ಒಳಗೆ ಹೋಗಿ ಓರೆಯಾಗಿ ಹೊರಗೆ. ಕಾಗದದ ಕಾಲದಲ್ಲಿ ಕಟ್ಟುಗಳಿಗೆ ಪಿನ್ನು ಹಾಕುತ್ತಿದ್ದ ಕೈ. ಯಾರೇಲಿ ಚಿಕ್ಕವಳಿದ್ದಾಗ ಅಂಗಡಿಗೆ ಬಂದು ಅವನ ಪಕ್ಕ ಕೂತು ಹಳೇ ಲಾಟರಿ ಚೀಟಿಗಳಿಗೆ ಹೀಗೇ ಪಿನ್ನು ಹಾಕುವ ಆಟ ಆಡುತ್ತಿದ್ದಳು. "ಓರೆ, ಓರೆ ಕಣೆ, ನೆಟ್ಟಗೆ ಚುಚ್ಚಿದ್ರೆ ಅದಕ್ಕೆ ನೋವಾಗುತ್ತೆ" ಎಂದು ಅವನೇ ಹೇಳುತ್ತಿದ್ದ.

ಅವನು ನೋಟನ್ನು ಹೆಬ್ಬೆರಳಿನಿಂದ ಉಜ್ಜಿದ. ಸಪಾಟು. ಉಗುರು ಅಂಚಿಗೆ ಹೋಯಿತು, ಅಂಚು ಸಿಕ್ಕಿತು. ಎಲ್ಲರೂ ಕಾಯುತ್ತಿದ್ದರು, ಆದ್ದರಿಂದ ಆಕಾಶದ ಕಡೆಗೂ ಎತ್ತಿ ಹಿಡಿದ. ತನ್ನ ಕೈ ಎಷ್ಟು ಸರಾಗವಾಗಿ ನಟಿಸುತ್ತಿದೆ ಎಂದು ಅವನಿಗೇ ಅಸಹ್ಯವಾಯಿತು.

"ಕಳ್ಳನೋಟಾದ್ರೆ ಹೇಳಿಬಿಡಿ ಕೊಂಪಾದ್ರೆ" ಎಂದ ಎಲೆಉತೇರಿಯೊ, ಬಾಗಿಲ ಚೌಕಟ್ಟಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಾ. "ಯಾರ ಕೆಲಸ ಅಂತ ನಂಗೊತ್ತು. ಆ ತೂಬಾ ಊದೋನು, ಚೆಂಚೊ. ಒಂದು ನೋಟು ಸಿಕ್ಕಿಸಿ ಮೂರು ಹಾಡಿಗೆ ಕುಣಿದ ನನ್ಮಗ. ಬ್ಯಾಂಡಿನ ಬಾಕಿ ಇಸ್ಕೊಳ್ಳಕ್ಕೆ ಈಗ ಬರ್ತಾನೆ. ಎಲ್ಲರ ಮುಂದೆ ಅವನ ಮೂತಿಗೇ ಒರೆಸ್ತೀನಿ."

"ಅಪ್ಪಾ, ಸುಮ್ನಿರು" ಎಂದಳು ಯಾರೇಲಿ ತಲೆ ಎತ್ತದೆ.

"ಯಾಕೆ ಸುಮ್ನಿರ್ಲಿ? ಊದೋನಿಗೆ ಕುಣಿಯಕ್ಕೆ ಯಾರು ಹೇಳಿದ್ರು?"

ನನ್ನದು ಎಂದರೆ ಮುಗಿಯುತ್ತಿತ್ತು. ಮೂರು ಅಕ್ಷರ, ಮೂರು ಅಕ್ಷರ ಎಂದು ಅವನ ಎದೆ ಬಡಿದುಕೊಂಡಿತು. ನಾಳೆ ಮಾರುಕಟ್ಟೆಯಲ್ಲಿ ಜನ ನೋಟು ಕೊಡುವ ಮೊದಲು ಅವನ ಮುಖ ನೋಡುತ್ತಾರೆ. ಧರ್ಮದ ಮಗಳ ತಲೆಗೆ ಕಳ್ಳನೋಟು ಸಿಕ್ಕಿಸಿದವನು. ಚೆಂಚೊನನ್ನು ಉಳಿಸಬೇಕಲ್ಲ ಎಂದು ಒಂದು ಸಬೂಬು ಒಳಗಿನಿಂದ ಎದ್ದು ಬಂತು, ಎಷ್ಟು ಬೇಗ ಬಂತೆಂದರೆ ಅದು ಮೊದಲೇ ಅಲ್ಲಿ ಕಾದು ಕೂತಿತ್ತೇನೋ. ಈ ನೋಟು ಒಳ್ಳೇದೆಂದರೆ ಚೆಂಚೊನ ಮಾನ ಉಳಿಯುತ್ತದೆ, ಆಮೇಲೆ ಮೆಲ್ಲಗೆ ಬದಲಾಯಿಸಿದರಾಯಿತು.

"ಒಳ್ಳೇದೇ" ಎಂದ ನಿಕಾಂದ್ರೊ. "ಸ್ವಲ್ಪ ಸವೆದಿದೆ ಅಷ್ಟೆ. ಕೊಡಿ, ನಾನೇ..."

ಆದರೆ ದೆಲ್ಫೀನ ಆಗಲೇ ಅವನ ಬೆರಳುಗಳಿಂದ ನೋಟನ್ನು ತೆಗೆದುಕೊಂಡು, ನೂರರ ರಾಶಿಯ ಮೇಲಿಟ್ಟು ಅಂಗೈಯಿಂದ ತಟ್ಟಿ, ಶಿಲುಬೆ ಗುರುತು ಹಾಕಿಕೊಂಡಾಗಿತ್ತು. "ದೇವರು ದೊಡ್ಡೋನು. ಸುಮ್ನೆ ಒಬ್ಬರ ಮೇಲೆ ಪಾಪ ಹೊರಿಸ್ತಿದ್ವಿ." ಯಾರೇಲಿ ಪಿನ್ನು ಕೀಳುವುದನ್ನು ನಿಲ್ಲಿಸಿ ಪದ್ರೀನೊನ ಮುಖ ನೋಡಿದಳು. ಅವನು ಜ್ವಾಲಾಮುಖಿಯ ಕಡೆಗೆ ತಿರುಗಿದ.

ಚೆಂಚೊ ಬಂದದ್ದು ಆಗಲೇ. ನಿನ್ನೆಯ ಬ್ಯಾಂಡಿನ ಕೆಂಪು ಕೋಟು ಇಲ್ಲದೆ ಅವನು ಇನ್ನೂ ಸಣಕಲಾಗಿ ಕಾಣುತ್ತಿದ್ದ. ಟೋಪಿಯನ್ನು ಎದೆಗೆ ಹಿಡಿದು, ಹೊಸ್ತಿಲ ಆಚೆಯೇ ನಿಂತು, "ಮದುಮಗಳು ಚೆನ್ನಾಗಿ ನಿದ್ದೆ ಮಾಡಿದ್ರಾ, ಇಲ್ಲಾ ನಮ್ಮ ತೂಬಾ ಇನ್ನೂ ಕಿವೀಲಿ ಊದ್ತಿದೆಯಾ?" ಎಂದ. ಎಲೆಉತೇರಿಯೊನ ಮುಖದಲ್ಲಿ ಈಗ ಉದಾರತೆ ಉಕ್ಕಿತ್ತು, ತಪ್ಪು ತಿಳಿದವನು ತುಂಬಿಕೊಡುವ ಉದಾರತೆ. ರಾಶಿಯಿಂದ ಕೈತುಂಬ ಎತ್ತಿ, ಎಣಿಸಿ, ಬಾಕಿಗಿಂತ ಹೆಚ್ಚೇ ಕೊಟ್ಟ. ಮೇಲಿದ್ದ ಆ ನೋಟು ಮೇಲೇ ಇತ್ತು.

"ಎಣಿಸ್ಕೊಳೋ. ನೋಟೆಲ್ಲಾ ನಮ್ಮ ಕೊಂಪಾದ್ರೆ ನೋಡಿದಾರೆ."

"ದೋನ್ ನಿಕಾಂದ್ರೊ ನೋಡಿದಾರಾ? ಹಂಗಾದ್ರೆ ಎಣಿಸೋದೂ ಬೇಡ ಬಿಡಿ" ಎಂದು ಚೆಂಚೊ ನಕ್ಕು, ನೋಟುಗಳನ್ನು ಹಾಗೇ ಅಂಗಿಯ ಜೇಬಿಗೆ ಇಳಿಸಿದ.

ಚೆಂಚೊ ಟೋಪಿ ಹಾಕಿಕೊಂಡು ಹೊರಟ. ನಿಕಾಂದ್ರೊನ ತಟ್ಟೆಯಲ್ಲಿ ಮೋಲೆ ಎಂಬ ಕಪ್ಪು ಸಾರಿನ ಮೇಲೆ ಎಳ್ಳು ಉದುರಿಸಿ ತಂದಿಟ್ಟರು. ಮೆಣಸಿನಕಾಯಿ ತನ್ನ ಅಂಗಡಿಯದೇ, ಒಳ್ಳೇ ದರಕ್ಕೆ ತಾನೇ ಆರಿಸಿ ಕೊಟ್ಟದ್ದು. ಇದೇ ಚೆಂಚೊ ಹೋದ ವರ್ಷ ಅಂಗಡಿಗೆ ಬಂದು ಹಿಡಿಯಷ್ಟು ಮೆಣಸಿನಕಾಯಿಗೆ ನೋಟು ಕೊಟ್ಟಾಗ ತಾನು ಅದನ್ನು ಎರಡು ಸಲ ಬೆಳಕಿಗೆ ಹಿಡಿದಿದ್ದ. ಎರಡು ಸಲ ಯಾಕೆ? ಮೊದಲ ಸಲಕ್ಕೇ ಒಳ್ಳೇದೆಂದು ಗೊತ್ತಾಗಿತ್ತು. ಹಿಂದೆ ಸಾಲಿನಲ್ಲಿ ಜನರಿದ್ದರು, ಅವರಿಗೆ ಕಾಣಲಿ ಎಂದಿರಬೇಕು. ಚೆಂಚೊ ಆಗಲೂ ಹೀಗೇ ಟೋಪಿಯನ್ನು ಎದೆಗೆ ಹಿಡಿದು, ಬೂಟಿನ ತುದಿ ನೋಡುತ್ತಾ ನಿಂತಿದ್ದ. "ನಮ್ದೂ ನೋಡ್ಬೇಕೇನ್ರೀ" ಎಂದು ಅವನು ಕೇಳಿರಲಿಲ್ಲ, ನೋಡಬೇಕಾದ್ದು ನಮ್ಮಂಥವರದ್ದೇ ಎಂದು ಅವನಿಗೆ ಗೊತ್ತಿದ್ದ ಹಾಗಿತ್ತು. ಆ ಕೋಟಿನವನ ಹುಬ್ಬು, ಈ ಟೋಪಿ. ಎರಡರ ನಡುವೆ ತನ್ನ ಕೈ ಏರುವುದು, ಇಳಿಯುವುದು. ಇಷ್ಟು ವರ್ಷ ತಾನು ನೋಡಿದ್ದು ನೋಟನ್ನಲ್ಲ ಎಂಬ ಯೋಚನೆ ಬಂದದ್ದೇ, ತಟ್ಟೆ ಬಿಟ್ಟು ಎದ್ದ.

"ಎಲ್ಲಿಗೆ ಕೊಂಪಾದ್ರೆ? ಬಿಸಿ ತೊರ್ತಿಯ ಬರ್ತಿದೆ."

"ಒಂದ್ನಿಮಿಷ. ಬಂದೆ."

ಬೀದಿಯಲ್ಲಿ ಭಾನುವಾರದ ಬಿಸಿಲು. ಅವನು ಓಡಲಿಲ್ಲ, ಈ ವಯಸ್ಸಿನಲ್ಲಿ ಓಡಿದರೆ ಜನ ಕೇಳುತ್ತಾರೆ, ಬೇಗ ನಡೆದ. ಚೆಂಚೊ ಸಿಕ್ಕಿದರೆ ಏನು ಹೇಳುವುದು? ಆ ನೋಟಿನ ಮೇಲೆ ನನಗೊಂದು ಆಸೆ ಇದೆ, ಮದುವೆಯ ನೆನಪಿಗೆ ಇಟ್ಟುಕೊಳ್ಳುತ್ತೇನೆ, ಬದಲಿಗೆ ಇದನ್ನು ತಗೋ ಎನ್ನಬಹುದು. ಒಳ್ಳೇ ಮಾತು. ಯಾರಿಗೂ ನೋವಿಲ್ಲ. ಮತ್ತೆ ಒಂದು ಸಬೂಬು ಹೊಳೆಯಿತಲ್ಲ ಎಂದು ಖುಷಿಯಾದದ್ದು ಗೊತ್ತಾಗಿ ಕಿವಿ ಬಿಸಿಯಾಯಿತು. ಮೂಲೆ ತಿರುಗುವ ಮೊದಲೇ ಮೆಕ್ಕೆಜೋಳದ ರೊಟ್ಟಿ ಬೇಯಿಸುವ ತೊರ್ತಿಯ ಅಂಗಡಿಯ ಯಂತ್ರದ ಕಿರಿಕಿರಿ ಸದ್ದು, ಅದರ ಮೇಲೆ ಅಂಗಡಿಯೊಡತಿ ಲಿಬ್ರಾದಮ್ಮನ ಗಂಟಲು.

"ಕಿವಿಗೆ ಹೂ ಇಡಕ್ಕೆ ಬಂದ್ಯೇನಯ್ಯಾ? ನಾನೇನು ನಿನ್ನೆ ಹುಟ್ಟಿದೋಳಾ? ನೋಡ್ರೀ ಎಲ್ಲರೂ, ಕಿಟಕಿ ಎದ್ದು ಬಂತು!"

ಬಟ್ಟೆ ಹೊದಿಸಿದ ಬುಟ್ಟಿಗಳನ್ನು ಹಿಡಿದ ಹೆಂಗಸರ ಸಾಲು ಒಡೆದು ಗುಂಪಾಗಿತ್ತು. ನಡುವೆ ಚೆಂಚೊ. ಲಿಬ್ರಾದಮ್ಮನ ಹಿಟ್ಟಿನ ಬೆರಳುಗಳಲ್ಲಿ ನೋಟು, ಅದರ ಕಿಟಕಿಯ ಒಂದು ಮೂಲೆ ಒಣಗಿದ ಹುಣ್ಣಿನ ಸಿಪ್ಪೆಯಂತೆ ಮೇಲೆದ್ದಿತ್ತು.

"ಅಮ್ಮಾ, ನನ್ನ ತಾಯಾಣೆ, ಮದುವೆ ಮನೇಲಿ ಕೊಟ್ರು. ದೋನ್ ನಿಕಾಂದ್ರೊ ನೋಡಿದಾರಂತೆ."

"ಓಹೋ, ಅವರ ಹೆಸರೂ ಹೇಳ್ತೀಯಾ! ಅವರು ನೋಡಿದ್ರೆ ಇದು ಇಲ್ಲಿ ತನಕ ಬರ್ತಿತ್ತಾ? ಚರ್ಚಲ್ಲಿ ಊದೋ ಬಾಯಲ್ಲಿ ಇಂಥ ಸುಳ್ಳಾ?"

ಚೆಂಚೊ ಅವನನ್ನು ಕಂಡ. ಆ ಮುಖ ಬೆಳಗಿದ ರೀತಿ ಇದೆಯಲ್ಲ, ಅದನ್ನು ನಿಕಾಂದ್ರೊನಿಗೆ ತಾಳಲಾಗಲಿಲ್ಲ. "ಅಗೋ, ಅವರೇ ಬಂದ್ರು! ಕೇಳಿ ಅಮ್ಮಾ, ಅವರನ್ನೇ ಕೇಳಿ!" ಎಲ್ಲರೂ ತಿರುಗಿದರು. ಲಿಬ್ರಾದಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡು, ನೋಟನ್ನು ಎರಡೂ ಕೈಯಲ್ಲಿ, ಮರ್ಯಾದೆಯಿಂದ, ಅವನ ಮುಂದೆ ಹಿಡಿದಳು.

"ಕಳ್ಳನೋಟು" ಎಂದ ನಿಕಾಂದ್ರೊ. ಚೆಂಚೊನ ಮುಖ ಆರಿಹೋಗುವುದು ಕಂಡಿತು. ಉಸಿರು ತೆಗೆದುಕೊಂಡ. "ಇದು ನನ್ನದು. ನನಗೆ ಗೊತ್ತಿತ್ತು. ನಿನ್ನೆ ಯಾರೇಲಿಗೆ ಸಿಕ್ಕಿಸಿದ್ದು ನಾನೇ. ಇವತ್ತು ಒಳ್ಳೇದು ಅಂತ ಸುಳ್ಳು ಹೇಳಿದ್ದೂ ನಾನೇ."

ಲಿಬ್ರಾದಮ್ಮನ ಕಣ್ಣಲ್ಲಿ ನೀರಾಡಿತು.

"ನೋಡಿದ್ರೇನ್ರೇ?" ಎಂದಳು ಹೆಂಗಸರ ಕಡೆ ತಿರುಗಿ. "ಇದು ಮನುಷ್ಯತ್ವ ಅಂದ್ರೆ. ಒಬ್ಬ ಬಡವನ ಮಾನ ಉಳಿಸಕ್ಕೆ ತನ್ನ ತಲೆ ಮೇಲೆ ಹಾಕ್ಕೋತಿದಾರೆ."

"ಅಲ್ಲ, ನಿಜವಾಗ್ಲೂ..."

"ಬಿಡಿ ದೋನ್ ನಿಕಾಂದ್ರೊ, ನಿಮ್ಮನ್ನ ನಾವು ಕಾಣೆವಾ?"

"ಇಲ್ನೋಡಿ, ಮೂಲೇಲಿ ತೂತು. ಓರೆಯಾಗಿ. ಹೀಗೆ ಚುಚ್ಚೋನು ನಾನೊಬ್ಬನೇ." ಅವನ ಧ್ವನಿ ಏರಿತು, ನೋಟನ್ನು ಒಬ್ಬೊಬ್ಬರ ಮುಂದೆ ಹಿಡಿದ. ಮುದುಕಿಯೊಬ್ಬಳು ನಕ್ಕಳು: "ಇವತ್ತು ಬೀದೀಲಿ ಓಡಾಡೋ ನೋಟಿಗೆಲ್ಲಾ ತೂತೇ ಮಗಾ, ಮದುವೆ ಆಯ್ತಲ್ಲ." ಎಲ್ಲರೂ ನಕ್ಕರು. ಪ್ರೀತಿಯಿಂದ ನಕ್ಕರು. ಅವನು ತನ್ನ ಒಳ್ಳೇ ನೂರು ತೆಗೆದು ಕಟ್ಟೆಯ ಮೇಲಿಟ್ಟ. ಲಿಬ್ರಾದಮ್ಮ ಅದನ್ನು ನೋಡದೆ, ಮುಟ್ಟಿಯೂ ಪರೀಕ್ಷಿಸದೆ ಡಬ್ಬಿಗೆ ಹಾಕಿ ಚೆಂಚೊನಿಗೆ ಚಿಲ್ಲರೆ ಕೊಟ್ಟಳು. ಚೆಂಚೊ ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಂಬಿದನೋ ಇಲ್ಲವೋ ತಿಳಿಯುವಂತಿರಲಿಲ್ಲ, ಅವನು ನಿಕಾಂದ್ರೊನ ಬೂಟನ್ನು ನೋಡುತ್ತಿದ್ದ. "ನೀವು ಹಂಗೆ ಅನ್ನಬಾರ್ದಿತ್ತು" ಎಂದ ಮೆಲ್ಲಗೆ. "ನಿಮ್ಮ ಋಣ ನಾನು ಹೆಂಗೆ ತೀರಿಸ್ಲಿ?"

ವಾಪಸು ನಡೆಯುವ ದಾರಿಯಲ್ಲಿ ಇಬ್ಬರು ಮೂವರು ಟೋಪಿ ಎತ್ತಿ ನಮಸ್ಕರಿಸಿದರು, ಅದು ದಿನವೂ ಎತ್ತುವ ಟೋಪಿಯೋ, ಸುದ್ದಿ ಆಗಲೇ ಅವನಿಗಿಂತ ಮುಂದೆ ಓಡಿತ್ತೋ. ನೋಟು ಅಂಗೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ನಿಜ ಹೇಳಿದರೆ ಹಗುರಾಗುತ್ತದೆ ಎಂದು ಕೇಳಿದ್ದ. ಹೇಳಿದ, ಅದನ್ನು ಅವರು ಹಾರ ಮಾಡಿ ಅವನ ಕೊರಳಿಗೇ ಹಾಕಿ ಕಳಿಸಿದರು. ನಾಳೆಯಿಂದ ಅವನ ಮಾತು ಇನ್ನೂ ಹೆಚ್ಚು ನಡೆಯುತ್ತದೆ.

ಅಂಗಳದಲ್ಲಿ ಯಾರೇಲಿ ಒಬ್ಬಳೇ ಇದ್ದಳು. ಒಳಗೆ ಯಾರೋ ರೇಡಿಯೊ ಹಾಕಿದ್ದರು. ತಲೆವಸ್ತ್ರವನ್ನು ಅವಳು ಬೆಳಕಿಗೆ ಎತ್ತಿ ಹಿಡಿದಿದ್ದಳು. ನೂರಾರು ಸಣ್ಣ ತೂತುಗಳಿಂದ ಬಿಸಿಲು ಅವಳ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು.

"ಪದ್ರೀನೊ, ಸಿಕ್ಕಿದ್ನಾ?"

ಅವನು ಅಂಗೈ ಬಿಡಿಸಿ ತೋರಿಸಿದ. ಅವಳು ನೋಟನ್ನು ಮುಟ್ಟಲಿಲ್ಲ.

"ನೀವು ಸಿಕ್ಕಿಸಿದ್ದು ನನ್ನ ಕಿವಿ ಹತ್ರಾನೇ" ಎಂದಳು, ತಲೆವಸ್ತ್ರದ ಆ ಜಾಗದ ಮೇಲೆ ಬೆರಳಿಟ್ಟು. "ನಾಲ್ಕು ಸಲ ಟಕ್ ಅಂತು. ಐದನೇದು ಅನ್ಲಿಲ್ಲ. ನಿಮ್ಮ ಕೈ ನಿಲ್ತಲ್ಲ, ತೆಗೀತಾರೆ ಅಂದ್ಕೊಂಡೆ. ಇವತ್ತೂ ಅಂದ್ಕೊಂಡೆ, ಹೇಳ್ತಾರೆ ಅಂತ."

"ಹೇಳ್ದೆ ಕಣಮ್ಮ. ತೊರ್ತಿಯ ಅಂಗಡೀಲಿ, ಎಲ್ಲರ ಮುಂದೆ. ನಂದು ಅಂತ ಹೇಳ್ದೆ."

"ಏನಂದ್ರು?"

"ಯಾರೂ ನಂಬ್ಲಿಲ್ಲ."

ಯಾರೇಲಿ ತಲೆವಸ್ತ್ರವನ್ನು ಇಳಿಸಿ, ನಿಧಾನವಾಗಿ ಮಡಚಿ, ಪಿನ್ನಿನ ಬಟ್ಟಲಿಗೆ ಮುಚ್ಚಳ ಹಾಕಿದಳು. ಚಿಕ್ಕಂದಿನಿಂದ ಅವನನ್ನು ಕಂಡಾಗಲೆಲ್ಲ ಅವಳು ಮೊದಲು ಅವನ ಕೈಯನ್ನು ತುಟಿಗೆ ಮುಟ್ಟಿಸಿಕೊಳ್ಳುವವಳು. ನಿನ್ನೆ ಚರ್ಚಿನ ಬಾಗಿಲಲ್ಲೂ ಮುಟ್ಟಿಸಿಕೊಂಡಿದ್ದಳು. ಈಗ ಅವಳು ಆ ಕೈಯನ್ನು ನೋಡಿದಳು.

"ನಾನು ನಂಬ್ತೀನಿ ಪದ್ರೀನೊ" ಎಂದಳು.

ಅವನು ತಲೆಯಾಡಿಸಿದ. ಅವಳು ಬುಟ್ಟಿಗೆ ಹೊದಿಸಿದ ಬಟ್ಟೆಯ ಮಡಿಕೆಯಿಂದ ಒಂದು ತೊರ್ತಿಯ ತೆಗೆದು, ಆರಿಹೋಗಿದ್ದ ಅವನ ತಟ್ಟೆಯ ಅಂಚಿನಲ್ಲಿಟ್ಟು ಒಳಗೆ ಹೋದಳು.